ಐಸು ಕರಗುವವರೆಗೆ

ಶಾಲೆಯ ನಿನ್ನ ಮೇಜಿನಿಂದಲೇ,
೧೪ನೇ ತಾರೀಖು, ಬುಧವಾರ ಸಂಜೆ

ಪ್ರೀತಿಯ ಕಂದಾ,

ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ನವೆಯಾದರೆ ಸ್ಕೇಲು ತೂರಿಸಬೇಡ. ನಿಮ್ಮಮ್ಮನಿಗೂ ಹೇಳಿದ್ದೇನೆ, ಒಂದು ಕಣ್ಣಿಟ್ಟಿರುತ್ತಾಳೆ. ಚೆಂಡು ಬೀಳುವುದನ್ನು ತೋರಿಸಲು ಬೆಂಚು ಹತ್ತಿ ನೀನೇ ಬಿದ್ದೆಯಲ್ಲ, ಮಕ್ಕಳು ಆ ಪಾಠವನ್ನು ಮಾತ್ರ ಜನ್ಮದಲ್ಲಿ ಮರೆಯುವುದಿಲ್ಲ. ನಾನು ಚೆನ್ನಾಗಿದ್ದೇನೆ. ನಿನ್ನ ಬದಲು ಒಂಬತ್ತನೇ ತರಗತಿಗೆ ಪಾಠ ಮಾಡಲು ಹೋಗಿಬರುವ ಗಡಿಬಿಡಿಯಲ್ಲಿ ಮಂಡಿನೋವಿನ ನೆನಪೂ ಇಲ್ಲ.

ನಿಮ್ಮ ಹೆಡ್‌ಮಿಸ್ ನನ್ನನ್ನು ಸುಮ್ಮನೆ ಕರೆದದ್ದಲ್ಲ ಅಂತ ನಿನಗೂ ಗೊತ್ತು. "ಸಾರ್, ನಿಮ್ಮ ಮೊಮ್ಮಗಳು ಬರೀ ಪ್ರಶ್ನೆ ಕೇಳ್ತಾರೆ, ಉತ್ತರಾನೇ ಹೇಳಲ್ಲ. ಹದಿನೈದು ದಿನ ನೋಡಿ ನೀವೇ ಹೇಳಿ, ಇದನ್ನ ಮುಂದುವರಿಸೋದಾ, ನಿಲ್ಲಿಸೋದಾ" ಅಂದರು. ನಾನೋ ನಲವತ್ತು ವರ್ಷ ಬೋರ್ಡು ತುಂಬ ಸೂತ್ರ ಬರೆದು 'ಬರ್ಕೊಳ್ಳಿ' ಅಂದವನು. 'ನಿಲ್ಲಿಸಿ' ಅನ್ನುವ ತೀರ್ಪು ಆಗಲೇ ಜೇಬಿನಲ್ಲಿತ್ತು. ಪ್ರಯೋಗದ ವಿವರದ ಜೊತೆ ನೀನು ಬರೆದು ಕಳಿಸಿದ ಚೀಟಿ ನೋಡಿ ನಗುವೇ ಬಂತು: "ತಾತ, ಐಸು ಕರಗುವವರೆಗೆ ದಯವಿಟ್ಟು ಬಾಯಿ ಬಿಡಬೇಡಿ."

ಆಯಿತು, ಹಾಗೇ ಮಾಡಿದೆ. ಬೆಂಚಿಗೊಂದು ಲೋಟ, ಅಂಚಿನವರೆಗೆ ನೀರು, ಮೇಲೆ ತೇಲುವ ಐಸು. ಕರಗಿದ ಮೇಲೆ ನೀರು ಚೆಲ್ಲುತ್ತದೋ, ಇಳಿಯುತ್ತದೋ, ಇದ್ದಷ್ಟೇ ಇರುತ್ತದೋ? ಕೈ ಎತ್ತಿಸಿದೆ. ಮುಕ್ಕಾಲು ಪಾಲು ಮಕ್ಕಳು ಚೆಲ್ಲುತ್ತದೆ ಅಂದರು. ಪಕ್ಕದವರ ಜೊತೆ ವಾದ ಮಾಡಿ ಅಂದದ್ದೇ ತಡ, ತರಗತಿ ಸಂತೆಯಾಯಿತು. ನನಗೆ ಉತ್ತರ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿದೆ! ಸುಮ್ಮನಿರುವುದು ಇಷ್ಟು ಕಷ್ಟ ಅಂತ ಯಾರೂ ನನಗೆ ಹೇಳಿರಲಿಲ್ಲ ಕಂದಾ. ತುಟಿ ಕಚ್ಚಿ ಕೂತೆ. ನೀವು ಟೀಚರುಗಳೆಲ್ಲ 'ಮೌನಿ' ಅನ್ನುವ ಆ ಹಿಂದಿನ ಬೆಂಚಿನ ಹುಡುಗಿ ಲೋಟದ ಅಂಚಿಗೆ ಕಣ್ಣು ತಂದು ಬಹಳ ಹೊತ್ತು ನೋಡಿದಳು. ಆಮೇಲೆ ಗೆಳತಿಗೆ ಮೆಲ್ಲಗೆ, "ಮುಳುಗಿರೋ ಭಾಗ ಆಗ್ಲೇ ಜಾಗ ಹಿಡಿದಿದೆ ಕಣೇ. ಕರಗಿದ್ರೆ ಐಸು ಕುಗ್ಗುತ್ತೆ, ಅಷ್ಟೇ ಜಾಗಕ್ಕೆ ಸರಿಹೋಗುತ್ತೆ" ಅಂದಳು. ಆ ಮಾತು ಬೆಂಚಿನಿಂದ ಬೆಂಚಿಗೆ ಹಬ್ಬಿತು, ಮತ್ತೆ ಕೈ ಎತ್ತಿಸಿದರೆ ಒಂದೊಂದೇ ಕೈ ಬದಲಾಯಿತು. ಕೊನೆಯ ಚೂರೂ ಕರಗಿತು, ಒಂದು ಹನಿ ಚೆಲ್ಲಲಿಲ್ಲ. ಅವಳ ಮುಖ ನೀನು ನೋಡಬೇಕಿತ್ತು. ನನ್ನ ಬೋರ್ಡು ನೋಡಿ ಯಾವ ಮಗುವೂ ಹಾಗೆ ನಕ್ಕದ್ದಿಲ್ಲ. ನಿನ್ನ ಮೇಲೆ ಹೊಟ್ಟೆಕಿಚ್ಚಾಯಿತು, ಯಾಕೆ ಸುಳ್ಳು ಹೇಳಲಿ.

ಅಷ್ಟಕ್ಕೇ ಬಿಟ್ಟಳೇ? "ಸಾರ್, ಉಪ್ಪುನೀರಾಗಿದ್ರೆ?" ಅಂದಳು. ನನಗೆ ಥಟ್ಟನೆ ಹೊಳೆಯಲಿಲ್ಲ. ಮೊದಲಾದರೆ 'ಅಧಿಕಪ್ರಸಂಗ ಬೇಡ, ಕೂತ್ಕೋ' ಅಂದು ಪಾರಾಗುತ್ತಿದ್ದೆ. ಇವತ್ತು "ಗೊತ್ತಿಲ್ಲಮ್ಮ, ನಾಳೆ ಮಾಡಿ ನೋಡೋಣ" ಅಂದೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಹದಿನೈದು ದಿನ ಕಾಯದೆ ಹೆಡ್‌ಮಿಸ್‌ಗೆ ಹೇಳಿಬಂದೆ, ಮುಂದುವರಿಸಿ ಅಂತ. ಪಾಠ ಹಿಂದೆ ಬಿದ್ದರೆ ಶನಿವಾರ ಬಂದು ನಾನೇ ಮುಗಿಸಿಕೊಡುತ್ತೇನೆ ಅಂದಿದ್ದೇನೆ. ಒಪ್ಪಿದ್ದಾರೆ.

ನಿಮ್ಮಮ್ಮನಿಗೆ, ಅಳಿಯಂದಿರಿಗೆ ಕೇಳಿದೆ ಅಂತ ಹೇಳು. ಬೇಗ ಎದ್ದು ಓಡಾಡುವಂತಾಗು ತಾಯಿ. ಬೆಂಚು ಮಾತ್ರ ಹತ್ತಬೇಡ.

ನಿನ್ನ
ತಾತ

ಅಂಚೆಗೆ ಹಾಕುವ ಮುಂಚೆ ಇಷ್ಟು: ನಿನಗಾಗ ಎಂಟು ವರ್ಷ. ಕನ್ನಡಿ ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದೆ. "ತಾತ, ಕನ್ನಡಿ ಎಡ-ಬಲ ಬದಲಾಯಿಸುತ್ತೆ, ತಲೆ-ಕಾಲು ಯಾಕೆ ಬದಲಾಯಿಸಲ್ಲ?" ಅಂದೆ. ನಾನು ಅಧಿಕಪ್ರಸಂಗಿ ಅಂತ ಗದರಿದೆ. ಆಮೇಲೆ ನೀನು ನನ್ನನ್ನು ಏನೂ ಕೇಳಲೇ ಇಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ ಕಂದಾ, ಅಷ್ಟೇ. ಕಾಲು ವಾಸಿಯಾಗಿ ನನ್ನ ಮನೆಗೆ ಬಂದ ಮೇಲೆ ಇನ್ನೊಂದು ಸಲ ಕೇಳು. ಕನ್ನಡಿ ಒರೆಸಿಟ್ಟಿದ್ದೇನೆ.