ಹಾಜರಿ ಪುಸ್ತಕದಲ್ಲಿ ಅಥೆನ್ಸ್

ಜೂನ್ 20, 2011, ಸೋಮವಾರ

ಮತ್ತೆ ಎಂಟನೇ ಕ್ಲಾಸಿಗೆ ಅಥೆನ್ಸ್. ಹದಿನಾಲ್ಕನೇ ವರ್ಷ ಅದೇ ಪಾಠ, ಅದೇ ಕೊರೆತ. ಅಲ್ಲಿ ಮೆಂಬರು, ಎಂಎಲ್‌ಎ ಇಲ್ಲ, ಊರವರೇ ಗುಡ್ಡದ ಮೇಲೆ ಸೇರಿ ಕೈ ಎತ್ತಿ ತೀರ್ಮಾನಿಸುತ್ತಿದ್ದರು ಅಂದೆ. ಬಾರದವರನ್ನು ಕೆಂಪು ಬಣ್ಣ ಬಳಿದ ಹಗ್ಗ ಹಿಡಿದು ಸಭೆಗೆ ಅಟ್ಟುತ್ತಿದ್ದರು ಅಂದಾಗ ಮಾತ್ರ ಮಕ್ಕಳಿಗೆ ಎಚ್ಚರ. ನಾವೋ... ಐದು ವರ್ಷಕ್ಕೊಮ್ಮೆ ಒಬ್ಬನನ್ನು ಆರಿಸಿ ಕೈ ತೊಳೆದುಕೊಳ್ಳುವವರು.

ಹೆಂಗಸರೂ ಕೈ ಎತ್ತುತ್ತಿದ್ದರಾ ಎಂದು ಪ್ರೇಕ್ಷಾ ಕೇಳಿದಳು. ಇಲ್ಲ, ಅವರಿಗೆ ಹಕ್ಕೇ ಇರಲಿಲ್ಲ. ನಮ್ಮ ಗ್ರಾಮಸಭೆಯಲ್ಲಿ ಎಲ್ಲರೂ ಎತ್ತಬಹುದು ಅಂದೆ. ಶನಿವಾರ ಸಭೆ ಇದೆ, ಹೊಳೆ ದಾಟಲು ಕಾಲುಸಂಕ ಬೇಕೆಂದು ನಾನೇ ಕೇಳುತ್ತೇನೆ ಎಂದೂ ಹೇಳಿಬಿಟ್ಟೆ. ಅವಳು ಶಾಲೆಗೆ ಬರುವುದು ಹೊಳೆಗೆ ಹಾಸಿದ ಎರಡು ತೆಂಗಿನ ಮರದ ಮೇಲೆ.

ಜೂನ್ 25, ಶನಿವಾರ, ಮಧ್ಯಾಹ್ನ 2

ಜಡಿಮಳೆ. ವಾರ್ಡಿನ ಮೆಂಬರ್ ಗೋವರ್ಧನ ಸಭೆಯ ಹಾಜರಿ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಂದ. ನೂರು ಜನ ಸೇರದಿದ್ದರೆ ಸಭೆ ಮುಂದಕ್ಕಂತೆ. ಅದಕ್ಕೇ ಮನೆಮನೆಗೆ ಹೋಗಿ ಸೈನ್ ಹಾಕಿಸುತ್ತಾನೆ, ಪ್ರತಿವರ್ಷದ ಪದ್ಧತಿ.

"ಹ್ವಾಯ್ ಟೀಚರೆ, ಒಂದ್ ಸೈನ್ ಹಾಕಿ. ಈ ಮಳಿಯಗೆ ನೀವ್ ಬಪ್ದ್ ಬ್ಯಾಡ. ಸಂಕದ್ ವಿಷ್ಯ ನಾನ್ ಹೇಳ್ತೆ."

ಹಾಕಿದೆ. ತಲೆನೋವು ಬೇರೆ. ಹೇಗೂ ಹೇಳುತ್ತಾನಲ್ಲ, ಆರಿಸಿದ್ದು ಅದಕ್ಕೇ ತಾನೇ.

ಜೂನ್ 29, ಬುಧವಾರ

ಸಂಕ ಇಲ್ಲ. ಊರಿಗೆ ಸ್ವಾಗತ ಗೋಪುರವಂತೆ. ನೆಂಟರನ್ನು ಸ್ವಾಗತಿಸಿ ಹೊಳೆಗೆ ಬೀಳಿಸಲಿಕ್ಕಾ?

ಸಭೆಯಲ್ಲಿ ಇದ್ದದ್ದು ಒಂಬತ್ತು ಜನ. ಪ್ರೇಕ್ಷಾಳ ಅಮ್ಮ ಗಿರಿಜಾ ಕೆಲಸ ಬಿಟ್ಟು ಹೋಗಿ, ಸಂಕ ಬೇಕೆಂದು ಒಬ್ಬರೇ ಕೈ ಎತ್ತಿದರಂತೆ. ಗೋವರ್ಧನ ಪುಸ್ತಕ ತೆಗೆದು ತೋರಿಸಿದನಂತೆ. ನೂರಾಹನ್ನೆರಡು ಜನ ಗೋಪುರಕ್ಕೆ ಒಪ್ಪಿ ಸೈನ್ ಹಾಕಿದ್ದಾರೆ, ಟೀಚರೂ ಹಾಕಿದ್ದಾರೆ ಎಂದು. ಮೈಯೆಲ್ಲ ಉರಿಯಿತು. ಅವನ ಮೇಲಿನ ಸಿಟ್ಟು ಅರ್ಧವೂ ಅಲ್ಲ, ಉಳಿದದ್ದು ನನ್ನ ಮೇಲೆಯೇ.

ಕ್ಲಾಸ್ ಬಿಟ್ಟ ಮೇಲೆ ಪ್ರೇಕ್ಷಾ ಬಂದು ನಿಂತಳು. "ಟೀಚರ್, ನೀವ್ ಎಲ್ ಕೂಕಂಡಿದ್ರಿ? ಅಮ್ಮಂಗೆ ಕಾಂಬುಕೆ ಸಿಕ್ಲಿಲ್ಲ ಅಂಬ್ರ್."

ಜ್ವರ ಇತ್ತು ಅಂದೆ. ಎಲ್ಲಿಯ ಜ್ವರ. ಅವಳು ನಂಬಿದಳು, ಈಗ ಹೇಗಿದೆ ಎಂದೂ ಕೇಳಿದಳು.

ಜೂನ್ 30, ಗುರುವಾರ, ಬೆಳಿಗ್ಗೆ

ಪ್ರೇಕ್ಷಾ ಬಂದಿಲ್ಲ. ಹೊಳೆ ಆ ತೆಂಗಿನ ಮರಗಳ ಮೇಲೆ ಹರಿಯುತ್ತಿದೆ, ಅಮ್ಮ ಕಳಿಸಲಿಲ್ಲವಂತೆ. ಹಾಜರಿ ಕರೆದೆ. ಅವಳ ಹೆಸರಿನ ಮುಂದೆ ಗೈರು ಎಂದು ಬರೆಯಲು ಕೈ ಬರಲಿಲ್ಲ, ಖಾಲಿ ಬಿಟ್ಟೆ.

ಸಂಜೆ ಪಂಚಾಯಿತಿಗೆ ಹೋಗಿ ನನ್ನ ಸೈನ್ ಹೊಡೆದು ಹಾಕಿಸಬೇಕು. ಸಭೆಗೆ ಯಾಕೆ ಬರಲಿಲ್ಲ ಎಂದು ಗೋವರ್ಧನ ಎಲ್ಲರೆದುರು ಕೇಳಿಯೇ ಕೇಳುತ್ತಾನೆ. ಏನು ಹೇಳಲಿ? ಅವತ್ತು ಮಳೆ ಬರುತ್ತಿ— ಬೇಡ, ಅದೇ ಮಳೆಯಲ್ಲಿ ಗಿರಿಜಾ ಹೋಗಿದ್ದರು.