ಫೋನಿನಲ್ಲಿ ಔಷಧಿ ಹೇಳಬಾರದು

ಮಾರ್ಚ್ ೧೧, ಮಂಗಳವಾರ.

ವಕೀಲರ ಮಾತು ಇನ್ನೂ ಕಿವಿಯಲ್ಲಿದೆ. ನಾನು ಫೋನಿನಲ್ಲಿ ಹೇಳಿದ ಮಾತ್ರೆ ನುಂಗಿ ರೋಗಿಯೊಬ್ಬರಿಗೆ ಮೈಯೆಲ್ಲ ದದ್ದೆದ್ದು, ವೈದ್ಯಕೀಯ ಮಂಡಳಿಗೆ ದೂರು ಹೋಗಿದೆ. "ತೀರ್ಪು ಬರೋವರೆಗೂ ಫೋನಲ್ಲಿ ಯಾರಿಗೂ ಔಷಧಿ ಹೇಳ್ಬೇಡಿ ಡಾಕ್ಟ್ರೇ" ಎಂದರು. ಸರಿಯೇ. ನನಗೇನೂ ತಕರಾರಿಲ್ಲ.

ಸಂಜೆ ಅಕ್ಕ ಫೋನ್ ಮಾಡಿದಳು. ಪಾಪುವಿಗೆ ಜ್ವರವಂತೆ. "ಆ ಔಷಧಿ ಎಷ್ಟು ಹನಿ ಹಾಕ್ಲೋ ಗುಂಡ?"

"ನೋಡದೆ ಹೇಳೋಕಾಗಲ್ಲ. ಹತ್ತಿರದ ಡಾಕ್ಟರಿಗೆ ತೋರ್ಸು."

ಅತ್ತ ಪಾಪುವಿನ ಅಳು ಮಾತ್ರ ಕೇಳುತ್ತಿತ್ತು. ಆಮೇಲೆ ಅಕ್ಕ ಮೆಲ್ಲಗೆ ಹೇಳಿದಳು: "ಆಯ್ತು ಡಾಕ್ಟ್ರೇ. ತೊಂದರೆ ಕೊಟ್ಟೆ."

ಜ್ವರ ಇಳಿಯಿತೇ ಎಂದು ಅವಳನ್ನು ಕೇಳಬೇಕು. ಹಾಗೆ ಕೇಳಬಹುದೇ ಎಂದು ಮೊದಲು ವಕೀಲರನ್ನು ಕೇಳಬೇಕು.