ಚಂಚಲಾಕ್ಷಿ ಮನೆಯನ್ನು ಹುಡುಕುತ್ತಿದ್ದ ಕಂಬ

ಕೋಡಿಮೂಲೆ,
ಉಬ್ಬರವರ್ಷ ನೂರ ನಾಲ್ಕು, ಎರಡನೇ ಆಷಾಢದ ಮೂವತ್ತೆಂಟನೇ ದಿನ.

ಹಿಂದಿನವರೇ,

ಇಂಥ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಾರದು. ಕಡಲು ನಮ್ಮ ಬೀದಿಗೆ ಬಂದ ವರ್ಷದಿಂದ ನಾವು ಲೆಕ್ಕ ಹಿಡಿಯುತ್ತೇವೆ. ಮಳೆ ನಿಲ್ಲುವವರೆಗೆ ಇಲ್ಲಿ ತಿಂಗಳು ಮುಗಿಯುವುದಿಲ್ಲ. ಮಾತುಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಅರ್ಧ ತಪ್ಪು ಕಾಲದ್ದು, ಉಳಿದರ್ಧ ನನ್ನ ನಾಲಿಗೆಯದು. ನನ್ನ ಹೆಸರು ಕೊರಗಪ್ಪ. ಹೆಸರಿನಲ್ಲೇ ಕೊರಗಿದ್ದರೂ ಊರನ್ನು ನಗಿಸುತ್ತಲೇ ಮುದುಕನಾದವನು.

ನಮ್ಮ ವಾಹನಗಳಿಗೆ ಈಜುಗಾಡಿ ಎನ್ನುತ್ತೇವೆ. ರಸ್ತೆ ಇರುವಷ್ಟು ದೂರ ಓಡಿ, ಆಮೇಲೆ ನೀರಿಗಿಳಿಯುತ್ತವೆ. ನಿಮ್ಮ ಚಾರ್ಜರ್ ನಮಗೆ ಹಾಲುಗಂಬ, ಕೆಟ್ಟರೆ ಹಾಳುಗಂಬ. ಬೆಳಗಾದರೆ ಗಾಡಿಗಳು ಕರುಗಳಂತೆ ನನ್ನ ಅಂಗಳದ ಕಂಬದ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಅವು ಕುಡಿಯುವಷ್ಟು ಹೊತ್ತು ಹೆಂಗಸರು ಬಿಸಿಯಾದ ಬಾನೆಟ್ಟಿನ ಮೇಲೆ ನಂಗು ಮೀನು ಒಣಗಿಸಿ, ನನ್ನ ಹೆಂಡತಿಯೊಡನೆ ಹರಟುತ್ತಿದ್ದರು.

ನೀವು ವೈಫೈ ಅನ್ನುವುದಕ್ಕೆ ನಾವು ಗಾಳಿದಾರ ಅನ್ನುತ್ತೇವೆ. ಆ ದಾರ ಕಟ್ಟಿಕೊಂಡು, ಕರೆಂಟು ಹಂಚುವ ಊರಕೇಂದ್ರವನ್ನು ಕೇಳದೆ ಕಂಬ ಒಂದು ತೊಟ್ಟೂ ಕೊಡುವುದಿಲ್ಲ. ಹಿಂದೆ ದಾರಕ್ಕೆ ಹೆಸರಿಡುವ ಕೆಲಸ ನನ್ನದಾಗಿತ್ತು. ಒಂದು ವಾರ 'ಪೊಲೀಸ್ ಠಾಣೆ' ಎಂದಿಟ್ಟೆ. ಅಂಗಳಕ್ಕೆ ಒಂದು ಗಾಡಿಯೂ ಬರಲಿಲ್ಲ. ವಾರ ಮುಗಿದ ದಿನವೇ ಹೆಂಡತಿ ಕುಳಿತು ಎಲ್ಲ ಸೆಟ್ಟಿಂಗ್ ಬದಲಿಸಿದಳು. ಹೆಸರು 'ಚಂಚಲಾಕ್ಷಿ ಮನೆ'. ಒಳಮಾತು, ಅಂದರೆ ಪಾಸ್‌ವರ್ಡ್, ನನಗೆ ಹೇಳಲಿಲ್ಲ. ಅವಳ ಹೆಸರು ಮಾತ್ರ ಚಂಚಲಾಕ್ಷಿ. ಒಮ್ಮೆ ದಿಟ್ಟಿಸಿದಳೆಂದರೆ ಕಣ್ಣು ಕದಲುತ್ತಿರಲಿಲ್ಲ.

ಹೋದ ಮಳೆಗಾಲ ಅವಳು ತೀರಿಕೊಂಡಳು. ಈ ಮಳೆಗಾಲ ಸಿಡಿಲು ಬಡಿದು ಗಾಳಿದಾರದ ಪೆಟ್ಟಿಗೆ ಸುಟ್ಟಿತು. ಕಂಬ ಉಳಿಯಿತು, ಅದರ ನೀಲಿ ದೀಪ ಮಿಟುಕತೊಡಗಿತು. ದಾರ ಹುಡುಕುವಾಗ ಅದು ಹಾಗೆ ಮಿಟುಕುತ್ತದೆ. ಪೆಟ್ಟಿಗೆ ಹೊಸದು ತಂದೆ. ಆದರೆ ಕಂಬ ಹಳೆಯ ಹೆಸರನ್ನೂ ಹಳೆಯ ಒಳಮಾತನ್ನೂ ಬಿಟ್ಟು ಬೇರೆ ಯಾವುದನ್ನೂ ನಂಬುವುದಿಲ್ಲ. ಹಿಂಬದಿಯ ಮರೆವುಗುಂಡಿ ಒತ್ತಿದರೆ ಎಲ್ಲವನ್ನೂ ಮರೆತು, ಮಾಡಿದ ಕಂಪನಿಯ ಅಪ್ಪಣೆ ಕೇಳುತ್ತದೆ. ಆ ಕಂಪನಿ ಮುಳುಗಿ ಕಾಲವಾಯಿತು. ಆದ್ದರಿಂದ ನಮ್ಮ ಕಡೆ ಒಂದು ರೂಢಿ ಇದೆ: ಹೊಸ ಪೆಟ್ಟಿಗೆಗೆ ಸತ್ತ ಪೆಟ್ಟಿಗೆಯ ಹೆಸರಿಟ್ಟು, ಅದರ ಒಳಮಾತು ತುಂಬಿ, ಕಂಬವನ್ನು ನಂಬಿಸುವುದು. ಊರಿನ ಎಷ್ಟೋ ಒಳಮಾತುಗಳನ್ನು ಊಹಿಸಿಕೊಟ್ಟವನು ನಾನು. ನಮ್ಮ ಮನೆಯದು ಮಾತ್ರ ಸಿಗಲಿಲ್ಲ.

ನಮ್ಮೂರಿನ ಹುಡುಗಿ ಮಿಸ್ರಿಯಾ, ಆಸ್ಪತ್ರೆಯ ಈಜುಗಾಡಿ ಓಡಿಸುತ್ತಾಳೆ. ಅವಳ ತಾಯಿ ಐಸಮ್ಮನಿಗೆ ಮೂತ್ರಪಿಂಡ ಸೋತಿದೆ. ಎರಡು ದಿನಕ್ಕೊಮ್ಮೆ ಆಚೆ ದಡಕ್ಕೆ ಹೋಗಿ ರಕ್ತ ತೊಳೆಸಬೇಕು. ಈ ದಡದ ಉಳಿದ ಕಂಬಗಳನ್ನೆಲ್ಲ ಕಡಲು ನುಂಗಿತ್ತು. ಒಂದು ಬೆಳಗ್ಗೆ ತಾಯಿ ಮಗಳು ನನ್ನ ಅಂಗಳಕ್ಕೆ ಬಂದಾಗ ಗಾಡಿಯಲ್ಲಿ ಅರ್ಧ ನೀರು ದಾಟುವಷ್ಟೇ ಚಾರ್ಜ್ ಇತ್ತು. ನಾನು ಚಂಚಲಾಕ್ಷಿಯ ತವರು, ಅವಳ ಆಡು, ಅವಳು ನನ್ನನ್ನು ಬೈಯುತ್ತಿದ್ದ ಮಾತು, ಎಲ್ಲವನ್ನೂ ತಿರುಗಿಸಿ ಮುರುಗಿಸಿ ಹೊಸ ಪೆಟ್ಟಿಗೆಗೆ ತುಂಬುತ್ತಿದ್ದೆ.

"ಎಂತ ಮಾರಾಯ್ರೆ, ಇನ್ನೂ ಒಗಟು ಬಿಡಿಸ್ತಾ ಇದ್ದೀರಾ?" ಎಂದಳು ಮಿಸ್ರಿಯಾ. "ಉಮ್ಮನ ಕಾಲು ನೋಡಿ, ಬಾತಿದೆ."

"ಅವಳ ಬುದ್ಧಿ ನನಗೆ ಗೊತ್ತುಂಟು. ಸ್ವಲ್ಪ ತಡಿ."

ಹಿಂದಿನ ಸೀಟಿನಲ್ಲಿ ಮಲಗಿದ್ದ ಐಸಮ್ಮ ಕಣ್ಣು ತೆರೆದಳು. "ಒಂದರಿಂದ ಎಂಟರವರೆಗೆ ಒತ್ತಿ ಕೊರಗಪ್ಪಣ್ಣ. ಸಾಲಾಗಿ."

"ನಿಮಗೆ ಹೇಗೆ ಗೊತ್ತು?"

"ನನಗೆ ಮಾತ್ರವಾ? ಇಲ್ಲಿಗೆ ಬರ್ತಿದ್ದ ಎಲ್ಲರಿಗೂ ಗೊತ್ತುಂಟು. ನಿಮಗೆ ಹೇಳ್ಬಾರದು ಅಂತ ಚಂಚಲಕ್ಕ ಆಣೆ ಹಾಕಿಸಿದ್ರು. ಕಡೆಗಾಲದಲ್ಲಿ ಮಾತ್ರ, ಅವರು ಕೇಳಿದ್ರೆ ಹೇಳು ಅಂದಿದ್ರು." ಅವಳು ಉಸಿರು ಎಳೆದುಕೊಂಡಳು. "ನೀವು ಯಾರನ್ನೂ ಕೇಳ್ಲಿಲ್ಲ ಅಲ್ವಾ. ಇವತ್ತು ನನಗೆ ಬೇರೆ ದಾರಿ ಇಲ್ಲ, ಅದಕ್ಕೆ ಕೇಳದಿದ್ರೂ ಹೇಳಿದೆ."

ಇಷ್ಟು ಸಪ್ಪೆ ಒಳಮಾತು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಬೆರಳು ಒಂದರ ಗುಂಡಿಯ ಮೇಲಿತ್ತು, ಒತ್ತಲಾಗಲಿಲ್ಲ. ಮಳೆಗಾಲವಿಡೀ ಆ ಕಂಬ ಗಾಳಿಯಲ್ಲಿ 'ಚಂಚಲಾಕ್ಷಿ ಮನೆ ಎಲ್ಲಿ, ಚಂಚಲಾಕ್ಷಿ ಮನೆ ಎಲ್ಲಿ' ಎಂದು ಕೇಳುತ್ತ ನಿಂತಿತ್ತು. ಮನೆಯಲ್ಲಿ ಅವಳ ಹೆಸರು ಹಿಡಿದು ಕರೆಯುವವರು ಕಂಬ ಮತ್ತು ನಾನು, ಇಬ್ಬರೇ ಉಳಿದಿದ್ದೆವು. ಒತ್ತಿದರೆ ನಾನೊಬ್ಬನೇ.

"ಅಣ್ಣಾ," ಎಂದಳು ಮಿಸ್ರಿಯಾ, ಮೆಲ್ಲಗೆ.

ಒತ್ತಿದೆ. ನೀಲಿ ಮಿಟುಕು ನಿಂತು ಹಸಿರಾಯಿತು. ತಾನು ಹುಡುಕಿದ ಮನೆ ಸಿಕ್ಕಿತೆಂದು ಕಂಬ ನಂಬಿತು. ಗಾಡಿ ಕುಡಿಯಿತು, ಐಸಮ್ಮ ಆಚೆ ದಡ ಸೇರಿದಳು. ಅಂಗಳದಲ್ಲಿ ಮತ್ತೆ ಮೀನು ಒಣಗುತ್ತಿದೆ.

ಹಿಂದಿನವರೇ, ನಿಮ್ಮಲ್ಲೊಂದು ಕೋರಿಕೆ. ನೀವು ಕಂಬಕ್ಕೆ ದಾರ ಕಟ್ಟುವ ದಿನ ಒಳಮಾತು ಏನೆಂದು ಮನೆಯಲ್ಲಿ ಕೇಳಿ. ಅವರು ಹೇಳದಿದ್ದರೆ ಮರುದಿನವೂ ಕೇಳಿ, ತಮಾಷೆ ಮಾಡದೆ ಕೇಳಿ. ನಾನು ಕೇಳಿದ್ದರೆ ಅವಳ ಬಾಯಿಂದಲೇ ಕೇಳಿಸಿಕೊಳ್ಳುತ್ತಿದ್ದೆ.

ಇಂತಿ,
ಕೊರಗಪ್ಪ